ಸದಸ್ಯ ಶಿಕ್ಷಣ: ಮಾತಿನ ಗುಂಪು ಊರಿನ ಸಮಿತಿಯಾಗಬೇಕಾದರೆ



ನಮ್ಮ ಕಾರ್ಯಕ್ಷೇತ್ರದ ಹೆಚ್ಚಿನ ಗ್ರಾಮಗಳಲ್ಲಿ ಈಗ ಬೆಳೆಗಾರರದೊಂದು ವಾಟ್ಸಾಪ್ ಗುಂಪು ಇದೆ. ಬೆಳಗಾಗುತ್ತಲೇ ರಾಶಿ ಇಡಿಯ ಧಾರಣೆ ಎಷ್ಟು, ರೊಬಸ್ಟ ಚೆರಿಗೆ ಮೂಟೆಗೆ ಎಷ್ಟು, ರಾತ್ರಿ ಯಾರ ತೋಟದಲ್ಲಿ ಎಷ್ಟು ಸೆಂಟು ಮಳೆ ಬಿತ್ತು, ಆನೆ ಯಾವ ಕಡೆ ದಾಟಿತು ಎಂಬ ವರ್ತಮಾನವೆಲ್ಲ ಅದರಲ್ಲಿ ಬಂದು ಬೀಳುತ್ತದೆ. ಮೊದಲು ಇಂಥ ಸುದ್ದಿ ತಿಳಿಯಬೇಕಾದರೆ ಸಂತೆಯ ದಿನ ಪೇಟೆಗೆ ಇಳಿಯಬೇಕಿತ್ತು. ಇದು ಉಪಕಾರವೇ ಸರಿ.

ಆದರೆ ಕಷ್ಟದ ಮಾತು ಬಂದಾಗ ಈ ಗುಂಪು ಏನು ಮಾಡುತ್ತದೆ ಎಂಬುದನ್ನು ನೋಡೋಣ. ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ರೊಬಸ್ಟಕ್ಕೆ ಹೂ ಬರಿಸಲು ನೀರು ಹಾರಿಸುವ ಹೊತ್ತಿಗೆ ಸರಿಯಾಗಿ ಟಿ.ಸಿ. ಸುಟ್ಟುಹೋಗುತ್ತದೆ. ಒಬ್ಬರು ಗುಂಪಿನಲ್ಲಿ ಬರೆಯುತ್ತಾರೆ. ಗಂಟೆಯೊಳಗೆ ನಲವತ್ತು ಜನ ‘ನಮ್ಮಲ್ಲಿಯೂ ಇಲ್ಲ’ ಎನ್ನುತ್ತಾರೆ. ಕೆಲವರು ಕಚೇರಿಯನ್ನು ಬೈಯುತ್ತಾರೆ, ಕೆಲವರು ಸರ್ಕಾರವನ್ನು. ಮರುದಿನ ಯಾರದೋ ಮನೆಯ ಮದುವೆಯ ಫೋಟೋ ಬಂದು ಆ ಮಾತೆಲ್ಲ ಮೇಲಕ್ಕೆ ಸರಿದು ಮರೆಯಾಗುತ್ತದೆ. ನಲವತ್ತು ಜನರ ದೂರು ಒಂದೇ ಒಂದು ಕಡತವನ್ನೂ ಸೇರಲಿಲ್ಲ. ಕಚೇರಿಯ ದಾಖಲೆಯಲ್ಲಿ ಅಂದು ನಮ್ಮ ಊರಿನಲ್ಲಿ ಯಾರಿಗೂ ತೊಂದರೆಯೇ ಆಗಿರಲಿಲ್ಲ! ಬೈದವರ ಮನಸ್ಸು ಹಗುರವಾಯಿತು; ಹೂವು ಮಾತ್ರ ಒಣಗಿತು.

ಇಂಥ ಮಾತಿನ ಗುಂಪನ್ನು ಊರಿನ ಕೆಲಸ ಕೇಳಿ ಪಡೆಯುವ ಸಮಿತಿಯನ್ನಾಗಿ ಮಾಡುವುದು ಹೇಗೆ ಎಂಬುದೇ ಈ ತಿಂಗಳ ಪಾಠದ ವಿಷಯ.

ಬರೆದು ಕೊಟ್ಟದ್ದಕ್ಕೂ ಆಡಿ ಬಿಟ್ಟದ್ದಕ್ಕೂ ಇರುವ ವ್ಯತ್ಯಾಸವನ್ನು ನಾವೆಲ್ಲರೂ ಈಚೆಗೆ ಕಂಡಿದ್ದೇವೆ. ಪಶ್ಚಿಮ ಘಟ್ಟಗಳ ಪರಿಸರ ಸೂಕ್ಷ್ಮ ಪ್ರದೇಶದ ಬಗ್ಗೆ ಕೇಂದ್ರ ಸರ್ಕಾರ 2024ರ ಜುಲೈ 31ರಂದು ಆರನೆಯ ಬಾರಿ ಕರಡು ಅಧಿಸೂಚನೆ ಹೊರಡಿಸಿತು. ಅದರಲ್ಲಿ ನಮ್ಮ ರಾಜ್ಯದ 20,668 ಚದರ ಕಿಲೋಮೀಟರ್ ಪ್ರದೇಶ ಸೇರಿತ್ತು. ಆಕ್ಷೇಪಣೆ ಮತ್ತು ಸಲಹೆಗಳಿಗೆ 60 ದಿನಗಳ ಅವಕಾಶವಿತ್ತು. ಆ ಅರುವತ್ತು ದಿನ ನಮ್ಮ ಫೋನುಗಳಲ್ಲಿ ಓಡಾಡಿದ ನಕ್ಷೆಗಳಿಗೂ ಧ್ವನಿ ಸಂದೇಶಗಳಿಗೂ ಲೆಕ್ಕವಿಲ್ಲ. ಕಾನೂನಿನ ಪ್ರಕಾರ ಪರಿಗಣನೆಗೆ ಬರುವುದು ಗಡುವಿನೊಳಗೆ ಸಚಿವಾಲಯಕ್ಕೆ ತಲುಪಿದ ಲಿಖಿತ ಅಭಿಪ್ರಾಯ ಮಾತ್ರ. ಕರಡು ಬೇಕೆನ್ನುವವರಿಗೂ ಇದೇ ನಿಯಮ, ಬೇಡವೆನ್ನುವವರಿಗೂ ಇದೇ ನಿಯಮ. ನಮ್ಮ ಗ್ರಾಮದ ಯಾವ ಸರ್ವೆ ನಂಬರಿನಲ್ಲಿ ತೋಟವಿದೆ, ಎಲ್ಲಿ ಮನೆಗಳಿವೆ, ಎಲ್ಲಿ ಕಾಡು ಇದೆ ಎಂದು ವಿವರವಾಗಿ ಬರೆದು ಕಳಿಸಿದವರು ಎಷ್ಟು ಮಂದಿ ಎಂಬುದನ್ನು ಪ್ರತಿಯೊಂದು ಗ್ರಾಮದವರೂ ತಮ್ಮಲ್ಲಿಯೇ ಎಣಿಸಿ ನೋಡಬಹುದು.

ಹೀಗೆ ವಿವರ ಕೂಡಿಸಿ ಮಾತಾಡುವುದು ಅಡಿಕೆ ಬೆಳೆಗಾರರಿಗೆ ಹೊಸತೇನೂ ಅಲ್ಲ. ಉತ್ತರ ಕನ್ನಡದ ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ಉತ್ಪಾದಿಸುವ ಯೋಜನೆ ಬಂದಾಗ ಆ ಕಣಿವೆಯ ಕಾಡೂ ತೋಟಗಳೂ ಮುಳುಗುವ ಸಂದರ್ಭ ಒದಗಿತ್ತು. 1923ರಲ್ಲಿ ಸ್ಥಾಪನೆಯಾದ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ 1981ರ ಜನವರಿಯಲ್ಲಿ ಒಂದು ವಿಚಾರ ಸಂಕಿರಣವನ್ನೇ ಏರ್ಪಡಿಸಿತು. ಮಾಧವ ಗಾಡ್ಗೀಳರಂಥ ವಿಜ್ಞಾನಿಗಳನ್ನು ಕರೆಸಿ, ಬೆಳೆಗಾರರ ಎದುರಿನಲ್ಲಿ ಯೋಜನೆಯ ಲಾಭ ನಷ್ಟಗಳ ಚರ್ಚೆ ನಡೆಯಿತು. ಹೋಗುವ ಕಾಡಿನ ಬೆಲೆ, ಹೋಗುವ ತೋಟದ ಬೆಲೆ ಲೆಕ್ಕದಲ್ಲಿ ಸರಿಯಾಗಿ ಸೇರಿಲ್ಲವೆಂಬುದು ಅಲ್ಲಿ ಮುಂದಕ್ಕೆ ಬಂತು. ಮುಂದೆ ಆ ಯೋಜನೆಯನ್ನು ಬದಿಗಿರಿಸಲಾಯಿತು. ಆಗ ಫೋನು ಎಷ್ಟು ಮನೆಗಳಲ್ಲಿತ್ತು? ಇದ್ದದ್ದು ಸಂಘದ ಸದಸ್ಯರ ಪಟ್ಟಿ, ಒಂದು ಸಭಾಂಗಣ, ಮತ್ತು ಲೆಕ್ಕ ಹಾಕುವ ಅಭ್ಯಾಸ. ಅಡಿಕೆ ಮಾರುವವರು ಲೆಕ್ಕದಲ್ಲಿ ಹಿಂದೆ ಬಿದ್ದದ್ದು ಅಪರೂಪ.

ಇನ್ನು ಈ ಕಾಲದ ಒಂದು ಉದಾಹರಣೆ. ಬೆಂಗಳೂರಿನ ಸಂಗತಿ ನಮಗೇಕೆ ಎನ್ನಬಾರದು. ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಅಲ್ಲಿಯೇ ಇದ್ದಾರೆ. ‘ಪ್ರಜಾ’ ಎಂಬ ಹೆಸರಿನಲ್ಲಿ ಅಂತರ್ಜಾಲದ ಮೂಲಕ ಪರಿಚಯವಾದ ಕೆಲವರು ನಗರದ ಸಂಚಾರದ ತಾಪತ್ರಯವನ್ನು ಚರ್ಚಿಸುತ್ತಿದ್ದರು. ಅವರಲ್ಲಿ ಕೆಲವರು ಚರ್ಚೆಯಲ್ಲಿಯೇ ನಿಲ್ಲದೆ, ಈಗಾಗಲೇ ಇರುವ ರೈಲು ಹಳಿಗಳ ಮೇಲೆ ಉಪನಗರ ರೈಲು ಓಡಿಸಬಹುದೆಂದು ಹಳಿ, ನಿಲ್ದಾಣಗಳ ವಿವರ ಕೂಡಿಸಿ 2010ರಲ್ಲಿ ವರದಿಯೊಂದನ್ನು ಸಿದ್ಧಪಡಿಸಿದರು. ಇದಕ್ಕೆ ಸಂಬಳವಿರಲಿಲ್ಲ. ಉದ್ಯೋಗ ಮುಗಿಸಿ ಮನೆಗೆ ಬಂದಮೇಲೆ ಮಾಡಿದ ಕೆಲಸ.

2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು ಆರೂಮುಕ್ಕಾಲು ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆಗೆ ಸರ್ಕಾರ ಒಪ್ಪಿಗೆ ಕೊಟ್ಟಿತು. ಅಂದಾಜು ವೆಚ್ಚ 1,791 ಕೋಟಿ ರೂಪಾಯಿ. ಕಡಿಯಬೇಕಾದ ಮರಗಳು 812. ಫೋನಿನಲ್ಲಿಯೂ ಅಂತರ್ಜಾಲದಲ್ಲಿಯೂ ‘ಬೇಡ’ ಎಂಬ ಮಾತು ಹಬ್ಬಿತು. ಅದೇ ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ರಸ್ತೆಯ ಬದಿಯಲ್ಲಿ ಕೈ ಕೈ ಹಿಡಿದು ಮಾನವ ಸರಪಳಿಯಾಗಿ ನಿಂತರು. ‘ಸಿಟಿಜನ್ಸ್ ಫಾರ್ ಬೆಂಗಳೂರು’ ಎಂಬ ನಾಗರಿಕ ವೇದಿಕೆಯ ಹೆಸರು ಎಲ್ಲರ ಬಾಯಿಗೂ ಬಂತು. ಇನ್ನೊಂದು ಕಡೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಅರ್ಜಿ ಹೋಗಿ ತಾತ್ಕಾಲಿಕ ತಡೆಯೂ ಸಿಕ್ಕಿತು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಇದೆಲ್ಲ ಆದದ್ದು ಸರಪಳಿಯೊಂದರಿಂದಲೇ ಎನ್ನುವಂತಿಲ್ಲ. ನ್ಯಾಯಮಂಡಳಿಯ ತಡೆ, ವಿರೋಧ ಪಕ್ಷಗಳ ಟೀಕೆ, ಅವ್ಯವಹಾರದ ಆರೋಪ ಎಲ್ಲವೂ ಅದರ ಜೊತೆಗೆ ಸೇರಿದ್ದವು.

ನಮಗೆ ಹೆಚ್ಚು ಗಮನಾರ್ಹವಾಗಿ ಕಾಣುವುದು ಅದರ ಮುಂದಿನ ಹೆಜ್ಜೆ. ಒಂದು ‘ಬೇಡ’ದ ಬೆನ್ನಿಗೇ ಅದೇ ಜನ 2016ರ ಡಿಸೆಂಬರಿನಲ್ಲಿ ‘ಚುಕುಬುಕು ಬೇಕು’ ಎಂದು ಉಪನಗರ ರೈಲಿನ ಬೇಡಿಕೆಯನ್ನು ಎತ್ತಿದರು. ಆ ಹೊತ್ತಿಗೆ ಕೈಯಲ್ಲಿ ಹಿಂದಿನವರು ಬರೆದಿಟ್ಟ ವರದಿಗಳಿದ್ದವು, ಬಾಯಲ್ಲಿ ಬರಿಯ ಕೂಗಲ್ಲ. 148 ಕಿಲೋಮೀಟರಿನ ಆ ಯೋಜನೆಗೆ ಕೇಂದ್ರ ಸಚಿವ ಸಂಪುಟ 2020ರ ಅಕ್ಟೋಬರಿನಲ್ಲಿ ಒಪ್ಪಿಗೆ ನೀಡಿತು. 2022ರ ಜೂನಿನಲ್ಲಿ ಶಂಕುಸ್ಥಾಪನೆಯಾಯಿತು. ವರದಿ ಬರೆದ ದಿನದಿಂದ ಮಂಜೂರಾತಿಗೆ ಹತ್ತು ವರ್ಷ. ಅಡಿಕೆ ಸಸಿ ನೆಟ್ಟು ಫಸಲಿಗೆ ಕಾಯುವ ನಮಗೆ ಈ ತಾಳ್ಮೆಯ ಪಾಠ ಬೇಕಾಗಿಲ್ಲ. ಆದರೆ ಗುಂಪಿನಲ್ಲಿ ಬರೆದ ಸಂದೇಶಕ್ಕೆ ಹತ್ತು ನಿಮಿಷದಲ್ಲಿ ಉತ್ತರ ಬರುವ ಅಭ್ಯಾಸವಾದ ಮೇಲೆ, ಕಚೇರಿಯ ಉತ್ತರಕ್ಕೆ ಒಂದು ತಿಂಗಳು ಕಾಯುವುದು ಕಿರಿಯರಿಗೆ ಕಷ್ಟವಾಗುತ್ತಿದೆ ಎಂಬುದೂ ನಿಜ.

ಈಗ ನಮ್ಮ ಊರಿಗೆ ಬರೋಣ. ಪೇಟೆಯಲ್ಲಿ ಒಬ್ಬರಿಗೊಬ್ಬರು ಪರಿಚಯವಿಲ್ಲದವರು ಕೂಡಬೇಕು. ಅದು ಅವರ ಕಷ್ಟ. ನಮ್ಮಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಇದು ನಮ್ಮ ಕಷ್ಟ. ಲೈನ್‌ಮನ್ ಪಕ್ಕದ ಮನೆಯವರ ಅಳಿಯನಾಗಿರುತ್ತಾನೆ. ಪಂಚಾಯಿತಿ ಸದಸ್ಯರು ನಮ್ಮ ಭಾವನವರೇ ಇರಬಹುದು. ಗುಂಪಿನಲ್ಲಿ ಬೈದವರು ಕಾಗದಕ್ಕೆ ಸಹಿ ಹಾಕಿ ಎಂದರೆ ‘ನನ್ನ ಹೆಸರು ಬೇಡ ಮಾರಾಯ್ರೆ’ ಎನ್ನುವುದಕ್ಕೆ ಇದೇ ಕಾರಣ. ಇದನ್ನು ಪುಕ್ಕಲುತನವೆಂದು ಹಳಿಯುವುದು ಸರಿಯಲ್ಲ. ನಾಳೆ ಮರ ಬಿದ್ದು ತಂತಿ ಹರಿದಾಗ ಅದೇ ಲೈನ್‌ಮನ್ ಮಳೆಯಲ್ಲಿ ನೆನೆದುಕೊಂಡು ಬರಬೇಕಲ್ಲ! ಆದುದರಿಂದ ಮನವಿಯು ಮನುಷ್ಯನ ಮೇಲೆ ಇರಬಾರದು, ಸಂಗತಿಯ ಮೇಲೆ ಇರಬೇಕು. ‘ಅವರು ಬರಲಿಲ್ಲ’ ಎಂದು ಬರೆದರೆ ಜಗಳ. ‘ಇಂಥ ಟಿ.ಸಿ. ಇಂಥ ದಿನ ಕೆಟ್ಟಿತು, ಇಷ್ಟು ಗಂಟೆಯ ಮೇಲೆ ಸರಿಯಾಯಿತು, ಇದರ ಮೇಲೆ ಇಷ್ಟು ಪಂಪುಗಳಿವೆ’ ಎಂದು ಬರೆದರೆ ಅದು ಲೆಕ್ಕ. ಲೆಕ್ಕಕ್ಕೆ ಸಹಿ ಹಾಕಲು ಯಾರೂ ಹೆಚ್ಚಾಗಿ ಹಿಂಜರಿಯುವುದಿಲ್ಲ. ಎಷ್ಟೋ ವೇಳೆ ಆ ಲೈನ್‌ಮನ್‌ಗೂ ಅದು ಬೇಕಾಗಿರುತ್ತದೆ; ಹೆಚ್ಚು ಶಕ್ತಿಯ ಟಿ.ಸಿ. ಬೇಕೆಂದು ಮೇಲಿನವರನ್ನು ಕೇಳಲು ಅವನ ಕೈಯಲ್ಲಿಯೂ ಆಧಾರವಿರುವುದಿಲ್ಲ.

ಇಲ್ಲಿ ಫೋನಿನ ಗುಂಪು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ವಿದ್ಯುತ್ ಹೋದಾಗಲೂ ಬಂದಾಗಲೂ ಬೈಗುಳದ ಬದಲು ವೇಳೆಯನ್ನು ಮಾತ್ರ ಹಾಕಬೇಕು. ಒಬ್ಬರು ಅದನ್ನು ದಿನಾಂಕದೊಡನೆ ಒಂದು ಉದ್ದನೆಯ ನೋಟ್ ಬುಕ್ಕಿನಲ್ಲಿ ಇಳಿಸಬೇಕು. ಪಂಪ್ ಮನೆಯಲ್ಲಿ ಮೀಟರ್ ಇದ್ದವರು ವೋಲ್ಟೇಜನ್ನೂ ಬರೆಯಬಹುದು. ನಿಗದಿತ ವೋಲ್ಟೇಜಿನಿಂದ ಶೇಕಡಾ 6ಕ್ಕಿಂತ ಹೆಚ್ಚು ಏರುಪೇರಾಗಬಾರದೆಂಬುದು ನಿಯಮ. ಕೆಟ್ಟ ಟಿ.ಸಿ.ಯನ್ನು ಹಳ್ಳಿಗಳಲ್ಲಿ 72 ಗಂಟೆಯೊಳಗೆ ಬದಲಿಸಬೇಕೆಂದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಸೇವಾ ಮಾನದಂಡ ಹೇಳುತ್ತದೆ. ಆ 72 ಗಂಟೆಯ ಎಣಿಕೆ ಆರಂಭವಾಗಬೇಕಾದರೆ ದೂರು ದಾಖಲಾಗಿರಬೇಕು, ದೂರಿನ ಸಂಖ್ಯೆ ನಮ್ಮ ಪುಸ್ತಕದಲ್ಲಿರಬೇಕು. ಒಂದು ಬೇಸಿಗೆಯ ಇಂಥ ಪುಸ್ತಕ ಕೈಯಲ್ಲಿದ್ದರೆ ಉಪವಿಭಾಗದ ಕಚೇರಿಯಲ್ಲಿ ಕುರ್ಚಿ ಸಿಗುತ್ತದೆ. ಅಲ್ಲಿ ಪರಿಹಾರ ಸಿಗದಿದ್ದರೆ 2003ರ ವಿದ್ಯುಚ್ಛಕ್ತಿ ಕಾಯಿದೆಯ ಪ್ರಕಾರ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ. ದರ ಏರಿಸುವ ಅರ್ಜಿ ಬಂದಾಗ ಆಯೋಗ ನಡೆಸುವ ಸಾರ್ವಜನಿಕ ವಿಚಾರಣೆಯಲ್ಲಿ ನಾವೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು.

ವಿದ್ಯುತ್ತಿನ ಮಾತನ್ನು ಉದಾಹರಣೆಗೆ ಹೇಳಿದೆವು. ರಸ್ತೆ, ಕಾಲುಸಂಕ, ಬಸ್ಸು ಯಾವುದಾದರೂ ಆದೀತು. ಆದರೆ ಒಂದೇ ಒಂದು. ಹತ್ತು ಬೇಡಿಕೆಯ ಮನವಿಪತ್ರವನ್ನು ಕೊಟ್ಟರೆ ಅದರಲ್ಲಿ ಅತ್ಯಂತ ಸುಲಭವಾದುದನ್ನು ಆರಿಸಿ ಮಾಡಿ, ಉಳಿದುದು ‘ಪರಿಶೀಲನೆಯಲ್ಲಿದೆ’ ಎಂದು ಉತ್ತರ ಬರುವುದು ರೂಢಿ.

ಮಾಹಿತಿ ಬೇಕಾದಲ್ಲಿ 2005ರ ಮಾಹಿತಿ ಹಕ್ಕು ಕಾಯಿದೆಯನ್ನು ಉಪಯೋಗಿಸಬಹುದು. ಈ ಹಕ್ಕು ನಾಗರಿಕನಿಗೆ ಇರುವುದರಿಂದ ಸಮಿತಿಯ ಹೆಸರಿನಲ್ಲಿ ಅರ್ಜಿ ಹಾಕದೆ ಒಬ್ಬ ಸದಸ್ಯರ ಹೆಸರಿನಲ್ಲಿ ಹಾಕತಕ್ಕದ್ದು. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ 150 ಶಬ್ದಗಳನ್ನು ಮೀರಬಾರದು. ಉತ್ತರಕ್ಕೆ 30 ದಿನ; ಬಾರದಿದ್ದರೆ ಅಥವಾ ತೃಪ್ತಿಕರವಾಗದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಮೂರು ಪುಟ ಬರೆದು ಅರ್ಜಿ ಹಿಂದಕ್ಕೆ ಬಂತೆಂದು ದೂರುವವರು ಈ 150 ಶಬ್ದದ ಮಾತನ್ನು ನೆನಪಿಡಬೇಕು.

ಸಮಿತಿ ಕಟ್ಟುವಾಗ ಒಂದು ಎಚ್ಚರಿಕೆ. ಫೋನಿನ ಗುಂಪಿನಲ್ಲಿ ಇದ್ದವರೇ ಊರು ಎಂದು ತಿಳಿಯಬಾರದು. ಲೈನ್ ಮನೆಗಳಲ್ಲಿರುವ ಕೆಲಸದವರು, ಅರ್ಧ ಎಕರೆಯ ಹಿಡುವಳಿದಾರರು, ವಯಸ್ಸಾದವರು, ಬಹಳಷ್ಟು ಮನೆಗಳ ಹೆಂಗಸರು ಅದರಲ್ಲಿ ಇರುವುದಿಲ್ಲ. ಬಸ್ಸು ನಿಂತರೆ ಜೀಪು ಇದ್ದವನಿಗೆ ಏನಾದೀತು? ತೊಂದರೆ ಅವರಿಗೇ. ಆದುದರಿಂದ ಮೊದಲ ಸಭೆಯ ಸುದ್ದಿಯನ್ನು ಹಾಲಿನ ಡೈರಿಯ ಬಾಗಿಲಿಗೂ ನ್ಯಾಯಬೆಲೆ ಅಂಗಡಿಯ ಗೋಡೆಗೂ ಅಂಟಿಸಬೇಕು; ಸಭೆಯನ್ನು ಶಾಲೆಯ ಜಗಲಿಯಲ್ಲಿ ಎಲ್ಲರೂ ಬರುವ ಹೊತ್ತಿನಲ್ಲಿ ಕರೆಯಬೇಕು. ಒಂದು ಗುಂಪಿಗೆ 1,024 ಜನ ಸೇರಬಹುದಂತೆ. ಸಭೆಗೆ ಹದಿನೈದು ಜನ ಬಂದರೆ ಸಾಕು, ಆ ಹದಿನೈದು ಜನ ಊರಿನ ಎಲ್ಲ ಕೇರಿಗಳಿಂದ ಬಂದಿದ್ದರೆ.

ಗುಂಪಿನ ಅಡ್ಮಿನ್ ಆದವರೇ ಸಮಿತಿಯ ಅಧ್ಯಕ್ಷರಾಗಬೇಕೆಂದಿಲ್ಲ. ಬರೆಯುವ ಕೈ ಒಂದು, ಕಚೇರಿಗೆ ಹೋಗಿಬರುವ ಕಾಲು ಎರಡು ಸಿಕ್ಕಿದರೆ ಆರಂಭಿಸಬಹುದು. ನೋಂದಣಿಗೆ ಅವಸರ ಬೇಡ. 1960ರ ಸಂಘಗಳ ನೋಂದಣಿ ಕಾಯಿದೆಯಂತೆ ಏಳು ಜನ ಸೇರಿ ನೋಂದಾಯಿಸಬಹುದು, ನಿಜ. ಆದರೆ ಆಮೇಲೆ ಪ್ರತಿವರ್ಷ ಲೆಕ್ಕಪತ್ರ ಸಲ್ಲಿಸುವ ಕೆಲಸ ಬೀಳುತ್ತದೆ. ಹಣ ಕೂಡಿಸುವ ಕಾಲ ಬಂದಾಗ ನೋಂದಾಯಿಸಿದರಾಯಿತು. ಅಲ್ಲಿಯವರೆಗೆ ಜೆರಾಕ್ಸ್ ಮತ್ತು ಬಸ್ಸಿನ ಖರ್ಚನ್ನು ಬರೆದಿಟ್ಟು ಸಭೆಯಲ್ಲಿ ಓದಿಹೇಳಬೇಕು. ಹತ್ತು ರೂಪಾಯಿಯ ಲೆಕ್ಕವಿಲ್ಲದ್ದಕ್ಕೆ ಒಡೆದುಹೋದ ಸಮಿತಿಗಳನ್ನು ನಾವು ಕಂಡಿದ್ದೇವೆ. ಪಕ್ಷದವರು ಬರಲಿ, ಆದರೆ ಸಮಿತಿಯ ಫಲಕದ ಕೆಳಗೆ ಕೂರಲಿ.

ನಮ್ಮ ಸಹಕಾರಿ ಸಂಘವೇ ಇದನ್ನೆಲ್ಲ ಮಾಡಬಾರದೇ ಎಂದು ಕೆಲವು ಸದಸ್ಯರು ಕೇಳುತ್ತಾರೆ. ಶಿರಸಿಯವರು ಮಾಡಿದಂತೆ ಸಭೆಗೆ ಸ್ಥಳ ಕೊಡಬಹುದು, ತಿಳಿದವರನ್ನು ಕರೆಸಬಹುದು, ಈ ಪತ್ರಿಕೆಯಲ್ಲಿ ಬರೆಯಬಹುದು. ಆದರೆ ಸಂಘದ ಸದಸ್ಯರಲ್ಲದವರಿಗೂ ಊರು ಸೇರಿದ್ದು. ಅವರೆಲ್ಲ ಬರುವ ಸಮಿತಿ ಬೇರೆಯಾಗಿಯೇ ಇರುವುದು ಲೇಸೆಂಬುದು ನಮ್ಮ ಅಭಿಪ್ರಾಯ.

ಗ್ರಾಮ ಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕೆಂಬುದು ಪಂಚಾಯತ್ ಕಾಯಿದೆಯ ವಿಧಿ. ಮುಂದಿನ ಗ್ರಾಮ ಸಭೆಯ ದಿನಾಂಕವನ್ನು ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿಕೊಂಡು, ನೋಟ್ ಬುಕ್ಕಿನ ಸಾರಾಂಶವನ್ನು ಒಂದು ಪುಟದಲ್ಲಿ ಬರೆದು ಎರಡು ಪ್ರತಿ ಮಾಡಿ ಒಯ್ಯಿರಿ. ನಡಾವಳಿಯಲ್ಲಿ ದಾಖಲಿಸುವಂತೆ ಕೇಳಿ ಒಂದು ಪ್ರತಿಯನ್ನು ಕೊಡಿ. ಇನ್ನೊಂದರ ಮೇಲೆ ಸ್ವೀಕೃತಿಯ ಮೊಹರು, ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳಿ. ಆ ಪ್ರತಿಯ ಫೋಟೋ ತೆಗೆದು ಗುಂಪಿಗೆ ಹಾಕಲು ಅಡ್ಡಿಯಿಲ್ಲ.