ಕೊಟ್ಟೂರು ಸೀಮೆಯ ಕೆರೆ ದಾರಿಯಲ್ಲಿ ಓಡುವವರಿಗೆ ಹತ್ತು ಸೂತ್ರಗಳು

ನಸುಕಿನ ಐದಕ್ಕೆ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಯ ಯಾವ ರಸ್ತೆಗೆ ಬಂದರೂ ಓಡುವ ಹುಡುಗ ಹುಡುಗಿಯರು ಎದುರಾಗುತ್ತಾರೆ. ಹೆಚ್ಚಿನವರು ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ತಯಾರಿ ನಡೆಸುವವರು. ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹೆಣ್ಣುಮಕ್ಕಳು 400 ಮೀಟರನ್ನು ಎರಡು ನಿಮಿಷದಲ್ಲಿ ಮುಗಿಸಬೇಕು. ಇವರ ಹಿಂದೆ ಸಕ್ಕರೆ ಕಾಯಿಲೆಗೆ ಅಂಜಿ ಹೊರಟ ಮೇಷ್ಟ್ರುಗಳು, ಅಂಗಡಿಯವರು. ಎಲ್ಲರೂ ಲಾರಿಗಳ ಪಕ್ಕದಲ್ಲೇ ಓಡುತ್ತಾರೆ. ಊರಿನ ಬೆನ್ನಿಗೇ ಕೆರೆ ಇರುವಾಗ ಇದು ಬೇಕೇ?

1. ಹೆದ್ದಾರಿ ಬಿಡಿ. ಕೂಡ್ಲಿಗಿಯ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50 ಓಟದ ಮೈದಾನವಲ್ಲ. ಬೇರೆ ದಾರಿಯೇ ಇಲ್ಲದಿದ್ದರೆ ಎದುರಿನಿಂದ ಗಾಡಿ ಬರುವ ಬದಿಯಲ್ಲಿ ಓಡಿ, ಬಿಳಿ ಅಂಗಿ ತೊಡಿ, ಕಿವಿಗೆ ಇಯರ್‌ಫೋನ್ ಬೇಡ.

2. ಕೆರೆಯ ಸುತ್ತ ನಿಮ್ಮದೇ ದಾರಿ ಹುಡುಕಿ. ಊರಿಂದ ಹೊರಟು ಏರಿ ಹತ್ತಿ, ಕೋಡಿಯವರೆಗೆ ಹೋಗಿ, ಅಲ್ಲಿಂದ ಇಳಿದು ಅಚ್ಚುಕಟ್ಟಿನ ಬಂಡಿ ದಾರಿ ಹಿಡಿದು ಮನೆಗೆ ಬನ್ನಿ. ನೀರು ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ ಏರಿಯ ನೆತ್ತಿಯನ್ನೂ ಹೆಚ್ಚುಕಡಿಮೆ ಸಮನಾಗಿ ಕಟ್ಟಿರುತ್ತಾರೆ. ಏರಿಳಿತವಿಲ್ಲದ ಅಂಥ ನೇರ ದಾರಿ ಹಳ್ಳಿಯಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಉಸಿರನ್ನು ಒಂದು ಲಯಕ್ಕೆ ತರಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕೊಟ್ಟೂರಿನವರಿಗೆ ಊರ ಕೆರೆಯೇ ಇದೆ, ಹರಪನಹಳ್ಳಿಯವರಿಗೆ ಹಿರೆಕೆರೆ, ಅಯ್ಯನಕೆರೆ. ಹೊಸ ದಾರಿಯಾದರೆ ಮೊದಲ ದಿನ ಹಗಲಿನಲ್ಲಿ ನಡೆದು ನೋಡಿ: ತೂಬಿನ ಬಳಿ ಕಲ್ಲು ಎದ್ದಿದೆಯೇ, ಕೋಡಿಯಲ್ಲಿ ಪಾಚಿ ಕಟ್ಟಿದೆಯೇ, ಏರಿ ಎಲ್ಲಿ ಕೊರೆದಿದೆ ಎಂಬುದೆಲ್ಲ ಕಣ್ಣಿಗೆ ಬೀಳಬೇಕು. ಕೋಡಿ ಹರಿಯುವಾಗ ದಾಟುವ ಸಾಹಸ ಮಾತ್ರ ಬೇಡವೇ ಬೇಡ.

3. ಮಣ್ಣು ನೋಡಿ ದಾರಿ ಬದಲಿಸಿ. ಮಸಾರಿ ನೆಲ ಮಳೆ ನಿಂತ ಸ್ವಲ್ಪ ಹೊತ್ತಿಗೆ ಓಡಲು ಸಿದ್ಧ. ಎರೆ ಹೊಲದ ದಾರಿ ಹಾಗಲ್ಲ. ಹಸಿ ಎರೆಯಲ್ಲಿ ಐವತ್ತು ಹೆಜ್ಜೆ ಹಾಕುವಷ್ಟರಲ್ಲಿ ಮಣ್ಣು ಅಟ್ಟೆಗೆ ಮೆತ್ತಿ, ಅದರ ಮೇಲೆ ಕಸಕಡ್ಡಿ ಹತ್ತಿ, ಒಂದೊಂದು ಕಾಲೂ ಸೇರು ಭಾರವಾಗುತ್ತದೆ. ಆ ಭಾರ ಎತ್ತಿ ಓಡಿದರೆ ಮೊಣಕಾಲಿಗೆ ಕೇಡು. ಬೇಸಿಗೆಯಲ್ಲಿ ಅದೇ ಎರೆ ಬಾಯಿ ಬಿಡುತ್ತದೆ. ಬಿರುಕಿನಲ್ಲಿ ಪಾದ ಸಿಕ್ಕಿದರೆ ಕಣಕಾಲು ಉಳುಕುತ್ತದೆ. ಮುಂಗಾರು ಹಿಂಗಾರಿನಲ್ಲಿ ಮಸಾರಿ ದಾರಿ, ಚಳಿಗಾಲದಲ್ಲಿ ಎರೆ ದಾರಿ ಎಂದು ಎರಡು ದಾರಿ ಇಟ್ಟುಕೊಳ್ಳಿ.

4. ಜಾಲಿ ಮುಳ್ಳಿಗೆ ಹೆದರಿ. ಬಳ್ಳಾರಿ ಜಾಲಿ ಏರಿಯನ್ನೂ ಕೆರೆಯಂಗಳವನ್ನೂ ಆವರಿಸಿದೆ. ಅದರ ಒಣಮುಳ್ಳು ತೆಳು ಅಟ್ಟೆಯ ಶೂ ದಾಟಿ ಅಂಗಾಲಿಗೆ ಇಳಿಯುತ್ತದೆ. ಅಡಿ ಗಟ್ಟಿ ಇರುವ ಶೂ ಕೊಳ್ಳಿ, ಮನೆಗೆ ಬಂದೊಡನೆ ಅಟ್ಟೆ ತಿರುವಿ ನೋಡಿ. ಮುಳ್ಳು ಮುರಿದು ಒಳಗೇ ಉಳಿದರೆ ಪಿನ್ನಿನಿಂದ ಕೆದಕುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ ತೆಗೆಸಿ, ಟಿಟಿ ಇಂಜೆಕ್ಷನ್ ಕೇಳಿ.

5. ಬಿಸಿಲಿಗೆ ಮುಂಚೆ ಮುಗಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಪಾದರಸ 40 ಡಿಗ್ರಿ ಮುಟ್ಟುತ್ತದೆ. ಏಳರೊಳಗೆ ಮನೆಯಲ್ಲಿರಿ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ನಡೆದು ಬರುವ ಭಕ್ತರನ್ನು ನೋಡಿ: ತಂಪು ಹೊತ್ತಿನಲ್ಲಿ ಬಿರಬಿರನೆ ಹೆಜ್ಜೆ, ಬಿಸಿಲೇರಿದಾಗ ನೆರಳು, ದಾರಿಯುದ್ದಕ್ಕೂ ನೀರು ಮಜ್ಜಿಗೆ. ದೂರ ಕ್ರಮಿಸುವ ವಿದ್ಯೆಯನ್ನು ಅವರಿಂದ ಕಲಿಯಬಹುದು. ಉಪ್ಪು ಹಾಕಿದ ಮಜ್ಜಿಗೆ ನಮ್ಮ ಓಟಗಾರನಿಗೆ ಸಾಕು, ದುಬಾರಿ ಡಬ್ಬಿ ಪಾನೀಯ ಬೇಕಿಲ್ಲ.

6. ಪರೀಕ್ಷೆಯ ಹುಡುಗರು ಲೆಕ್ಕ ಹಾಕಿ ಓಡಲಿ. ಆರೂವರೆ ನಿಮಿಷಕ್ಕೆ 1600 ಮೀಟರ್ ಎಂದರೆ 400 ಮೀಟರಿಗೆ 97.5 ಸೆಕೆಂಡು. ಕೆರೆ ಏರಿಯ ಮೇಲೆ ಟೇಪು ಹಿಡಿದು 400 ಮೀಟರ್ ಅಳೆದು ಎರಡು ತುದಿಗೂ ಸುಣ್ಣದ ಗುರುತು ಹಾಕಿ. ಮೊದಲ 400ನ್ನು 80 ಸೆಕೆಂಡಿನಲ್ಲಿ ಹಾರಿ ಕೊನೆಗೆ ಕಾಲೆಳೆಯುವುದೇ ಹೆಚ್ಚು ಮಂದಿ ಸೋಲುವ ಕಾರಣ. ನಾಲ್ಕನ್ನೂ 95ರ ಆಸುಪಾಸಿನಲ್ಲಿ ಮುಗಿಸುವುದು ರೂಢಿಯಾಗಲಿ. ಹೀಗೆ ಜೋರಾಗಿ ಓಡುವುದು ವಾರಕ್ಕೆ ಎರಡು ದಿನ ಸಾಕು. ಉಳಿದ ದಿನ ಪಕ್ಕದವನ ಜೊತೆ ಮಾತಾಡುತ್ತಾ ಓಡುವಷ್ಟು ನಿಧಾನವಿರಲಿ. ಒಂದು ದಿನ ಪೂರ್ತಿ ವಿಶ್ರಾಂತಿ.

7. ಸುಗ್ಗಿಯಲ್ಲಿ ರೈತನಿಗೆ ದಾರಿ ಬಿಡಿ. ಮೆಕ್ಕೆಜೋಳ ಬಂದ ಕಾಲಕ್ಕೆ ಹಳ್ಳಿ ರಸ್ತೆಯ ಅರ್ಧ ಭಾಗವೇ ಕಣವಾಗಿರುತ್ತದೆ. ರಾಶಿ ತುಳಿಯಬೇಡಿ. ಕಾಳಿನ ಮೇಲೆ ಕಾಲಿಟ್ಟರೆ ಜಾರುವವರೂ ನೀವೇ.

8. ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ. ನಿಂತು, ಮುಖ ಕೊಟ್ಟು, ಮೆಲ್ಲಗೆ ಹಿಂದೆ ಸರಿಯಿರಿ. ಹೊಲದಂಚಿನ ಮನೆಯವರನ್ನು ದಿನಾ ಮಾತಾಡಿಸಿ. ಯಜಮಾನ ಬಲ್ಲವರನ್ನು ನಾಯಿಯೂ ಬೇಗ ಗುರುತು ಹಿಡಿಯುತ್ತದೆ. ಹೆಣ್ಣುಮಕ್ಕಳು ಇಬ್ಬರು ಮೂವರು ಜೊತೆಯಾಗಿ ಹೊರಡಿ.

9. ಕಾಡು, ಹಕ್ಕಿಗಳ ಮನೆಗೆ ಅತಿಥಿಯಾಗಿ ಹೋಗಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು 2024ರಲ್ಲಿ ರಾಮ್‌ಸರ್ ಪಟ್ಟಿ ಸೇರಿತು. ಒಂದು ಹಳ್ಳಿ ಕೆರೆಗೆ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದ್ದು ನಮ್ಮ ಸೀಮೆಯ ಹೆಮ್ಮೆ. ನೀರಿನ ನಡುವಿನ ಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆ, ಬಾಯಿಕಳಕ ಕೊಕ್ಕರೆ ಗೂಡು ಕಟ್ಟುತ್ತವೆ. ಅಲ್ಲಿ ಓಟ ಬೇಡ, ಸದ್ದಿಲ್ಲದೆ ನಡೆಯಿರಿ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದ ಸುತ್ತಲಿನವರಿಗೆ ಇನ್ನೊಂದು ಮಾತು: ಬಂಡೆಗುಡ್ಡಗಳ ಬಳಿ ನಸುಕಿನಲ್ಲೂ ಮುಚ್ಚಂಜೆಯಲ್ಲೂ ಓಡಲೇಬೇಡಿ, ಅದು ಕರಡಿ ತಿರುಗುವ ಹೊತ್ತು. ಭಾನುವಾರದ ಉದ್ದ ಓಟಕ್ಕೆ ಹರಪನಹಳ್ಳಿ ಬಳಿಯ ಬಾಗಳಿಗೆ ಹೋಗಿ, ಕಲ್ಲೇಶ್ವರ ಗುಡಿಯ ಕಂಬಗಳ ನಡುವೆ ಕೂತು ದಣಿವಾರಿಸಿಕೊಳ್ಳಿ. ಇಲ್ಲವೇ ಕೊಟ್ಟೂರು ಬಳಿಯ ಉಜ್ಜಿನಿಯ ಗುಡಿಗೆ ಹೋಗಿ. ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

10. ಓಡುವ ಏರಿಯನ್ನು ಕಾಯಿರಿ. ದಿನಾ ಏರಿ ಮೇಲೆ ಹೋಗುವ ನಿಮಗೆ ಕಾಣುವಷ್ಟು ಅದರ ಸ್ಥಿತಿ ಯಾವ ಅಧಿಕಾರಿಗೂ ಕಾಣುವುದಿಲ್ಲ. ಏರಿಯ ಹೊರಮೈ ಬುಡದಲ್ಲಿ ಹೊಸದಾಗಿ ತೇವ ಕಂಡರೆ, ಜಿನುಗು ನೀರು ಕೆಂಪಗೆ ಬಂದರೆ, ಹೆಗ್ಗಣದ ಬಿಲ ದೊಡ್ಡದಾದರೆ ಫೋಟೊ ತೆಗೆದು ಅಂದೇ ಪಂಚಾಯಿತಿಗೆ ತಿಳಿಸಿ. ಏರಿಯ ಮೈಯಲ್ಲಿ ಬೆಳೆದ ಜಾಲಿಯ ಬೇರು ಮಣ್ಣನ್ನು ಸಡಿಲ ಮಾಡುತ್ತದೆ. ಅದನ್ನು ತೆಗೆಸಿ ಎಂದು ಮುಂದಿನ ಗ್ರಾಮಸಭೆಯಲ್ಲಿ ಓಟಗಾರರೆಲ್ಲ ಒಟ್ಟಾಗಿ ಎದ್ದುನಿಂತು ಕೇಳಿ.