ಕಡಿದ ದಿಮ್ಮಿಗೆ ಅಂದೇ ತುದಿ ಲೇಪ

ಹೊಲದ ಬದುವಿನ ತೇಗ, ಹಿತ್ತಿಲಿನ ಹಲಸು, ಕಾಫಿ ತೋಟದ ಸಿಲ್ವರ್ ಓಕ್, ಇತ್ತೀಚಿನ ವರ್ಷಗಳಲ್ಲಿ ಅನೇಕರು ನೆಡುತ್ತಿರುವ ಹೆಬ್ಬೇವು ಇವೆಲ್ಲವೂ ರೈತನ ಪಾಲಿಗೆ ಇಡುಗಂಟು ಇದ್ದಂತೆ. ಮಗಳ ಮದುವೆಗೋ ಹೊಸ ಮನೆಗೋ ಬೇಕೆಂದು ಹತ್ತಾರು ವರ್ಷ ಕಾಯ್ದು ಬೆಳೆಸಿದ ಮರವನ್ನು ಒಂದು ದಿನ ಕಡಿಸುತ್ತಾರೆ. ಕಡಿದ ಮರ ಸಾಮಿಲ್ ಸೇರುವ ಮೊದಲೇ, ನಾಲ್ಕೆಂಟು ದಿನಗಳಲ್ಲಿ, ಅದರ ಒಂದು ಪಾಲು ಕೈಬಿಟ್ಟು ಹೋಗುತ್ತದೆಂಬುದು ಮಾತ್ರ ಬಹಳ ಜನರ ಗಮನಕ್ಕೆ ಬಂದಿಲ್ಲ. ದಿಮ್ಮಿಯ ಎರಡು ತುದಿಗಳಲ್ಲಿ ಬೀಳುವ ಬಿರುಕುಗಳೇ ಈ ನಷ್ಟಕ್ಕೆ ಕಾರಣ.

ನಷ್ಟದ ಲೆಕ್ಕ ಕಷ್ಟವೇನಲ್ಲ. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸಿ ಘನ ಅಡಿ ಕಟ್ಟುವುದು ನಾಟಾ ವ್ಯಾಪಾರದ ರೂಢಿ. 48 ಅಂಗುಲ ಸುತ್ತಳತೆಯ, 10 ಅಡಿ ಉದ್ದದ ದಿಮ್ಮಿಯಲ್ಲಿ ಕಾಲು ಭಾಗವೆಂದರೆ 12 ಅಂಗುಲ, ಅಂದರೆ 1 ಅಡಿ. ಹಾಗಾಗಿ ಅದು 10 ಘನ ಅಡಿಯ ದಿಮ್ಮಿ. ಎರಡೂ ತುದಿಗಳಲ್ಲಿ ಆರಾರು ಅಂಗುಲ ಬಿರುಕು ಇಳಿದು, ಅಷ್ಟನ್ನು ಕತ್ತರಿಸಿ ತೆಗೆದರೆ ಉಳಿಯುವುದು 9 ಘನ ಅಡಿ. ಹತ್ತು ದಿಮ್ಮಿಗೆ ಒಂದು ದಿಮ್ಮಿ ಸೌದೆಯ ಪಾಲಾದಂತಾಯಿತು. ಮನೆಯ ಕೆಲಸಕ್ಕೆ ಇಟ್ಟ ಮರದಲ್ಲಿ ಪೆಟ್ಟು ಇನ್ನೂ ಜೋರು. ಏಳಡಿಯ ಬಾಗಿಲುವಾಡಕ್ಕೆಂದು ಅಳೆದು ಕತ್ತರಿಸಿದ ತುಂಡು ಆರಡಿಗೆ ಇಳಿದರೆ ಅದು ಬಾಗಿಲಿಗೆ ಬಾರದೆ ಕಿಟಕಿಗೆ ಹೋಗುತ್ತದೆ.

ಬಿರುಕು ಏಕೆ ಬೀಳುತ್ತದೆ?

ಮರದ ಕಾಂಡ ಭತ್ತದ ಹುಲ್ಲಿನ ಒಂದು ದೊಡ್ಡ ಕಂತೆಯಿದ್ದಂತೆ. ಬೇರಿನಿಂದ ನೀರು ಮೇಲೇರುವ ಸೂಕ್ಷ್ಮ ಕೊಳವೆಗಳೆಲ್ಲ ಉದ್ದಕ್ಕೆ ಜೋಡಿಸಿಕೊಂಡಿರುತ್ತವೆ. ಮರವನ್ನು ಅಡ್ಡ ಕೊಯ್ದಾಗ ಈ ಕೊಳವೆಗಳ ಬಾಯಿಗಳೆಲ್ಲ ಒಮ್ಮೆಗೇ ತೆರೆದುಕೊಳ್ಳುತ್ತವೆ. ಪಕ್ಕದ ಮೈಯಿಂದ ಆರುವುದಕ್ಕಿಂತ ಸುಮಾರು 10ರಿಂದ 15 ಪಟ್ಟು ವೇಗವಾಗಿ ನೀರು ಈ ಕೊಯ್ದ ಮುಖದಿಂದ ಆರಿಹೋಗುತ್ತದೆ.

ನೀರು ಆರಿದ ಮಾತ್ರಕ್ಕೆ ಮರ ಕುಗ್ಗುವುದಿಲ್ಲ. ಮೊದಲು ಕೊಳವೆಗಳ ಪೊಳ್ಳಿನಲ್ಲಿರುವ ನೀರು ಖಾಲಿಯಾಗುತ್ತದೆ. ಆಗ ತೂಕ ಇಳಿಯುತ್ತದೆಯೇ ಹೊರತು ಅಳತೆ ಬದಲಾಗುವುದಿಲ್ಲ. ತೇವಾಂಶ ಸುಮಾರು ಶೇಕಡಾ 30ಕ್ಕಿಂತ ಕೆಳಗಿಳಿದಾಗ ಕೊಳವೆಯ ಗೋಡೆಗಳಲ್ಲಿ ಸೇರಿಕೊಂಡಿದ್ದ ನೀರು ಹೊರಡತೊಡಗುತ್ತದೆ. ಕುಗ್ಗುವಿಕೆ ಶುರುವಾಗುವುದು ಅಲ್ಲಿಂದ. ಬಿಸಿಲಿಗೆ ಬಿದ್ದ ದಿಮ್ಮಿಯ ತುದಿ ಒಂದೆರಡು ದಿನಗಳಲ್ಲಿಯೇ ಈ ಮಟ್ಟಕ್ಕೆ ಬರಬಹುದು. ಒಂದು ಗೇಣು ಒಳಗೆ ಮರ ಇನ್ನೂ ಹಸಿಯಾಗಿಯೇ ಇರುತ್ತದೆ. ತುದಿ ಕುಗ್ಗಲು ಹವಣಿಸುತ್ತದೆ, ಒಳಗಿನ ಹಸಿಮರ ಅದಕ್ಕೆ ಎಡೆಗೊಡುವುದಿಲ್ಲ. ಈ ಜಗ್ಗಾಟದಲ್ಲಿ ತುದಿ ಸೀಳುತ್ತದೆ. ತಿರುಳಿನಿಂದ ತೊಗಟೆಯ ಕಡೆಗೆ ಮರ ಎಷ್ಟು ಕುಗ್ಗುತ್ತದೆಯೋ ಅದರ ಸುಮಾರು ಎರಡರಷ್ಟು ವರ್ತುಲಾಕಾರದ ದಿಕ್ಕಿನಲ್ಲಿ ಕುಗ್ಗುವುದರಿಂದ, ಸೀಳುಗಳು ಸೈಕಲ್ ಚಕ್ರದ ಕಡ್ಡಿಗಳಂತೆ ನಡುವಿನಿಂದ ಹೊರಕ್ಕೆ ಹರಡುತ್ತವೆ.

ಕೊಯ್ದ ಮುಖದ ಬಾಯಿಗಳನ್ನು ಮುಚ್ಚಿದರೆ ತುದಿಯೂ ನಡುಭಾಗದಷ್ಟೇ ನಿಧಾನವಾಗಿ ಒಣಗುತ್ತದೆ. ತುದಿ ಲೇಪದ ಉದ್ದೇಶ ಇಷ್ಟೇ. ಅದು ಮರವನ್ನು ಒಣಗಿಸುವ ಔಷಧಿಯಲ್ಲ, ಹುಳು ಗೆದ್ದಲುಗಳನ್ನು ತಡೆಯುವ ಔಷಧಿಯೂ ಅಲ್ಲ.

ಯಾವಾಗ ಬಳಿಯಬೇಕು?

ಎಲ್ಲಕ್ಕಿಂತ ಮುಖ್ಯವಾದುದು ಇದೇ. ಯಾವ ಲೇಪ ಒಳ್ಳೆಯದೆಂದು ವಿಚಾರಿಸುತ್ತ ವಾರ ಕಳೆಯುವುದಕ್ಕಿಂತ, ಸಿಕ್ಕ ಸಾಧಾರಣ ಲೇಪವನ್ನೇ ಅಂದು ಸಂಜೆಯೊಳಗೆ ಬಳಿಯುವುದು ಮೇಲು. ಮರ ಕಡಿಯುವವರು ಗರಗಸ ಎತ್ತುವ ಮುನ್ನವೇ ಡಬ್ಬ ಮತ್ತು ಕುಂಚ ಸ್ಥಳದಲ್ಲಿರಬೇಕು. ಫಾಲ್ಗುಣದಿಂದ ವೈಶಾಖದವರೆಗಿನ ಒಣಗಾಳಿಯ ದಿನಗಳಲ್ಲಂತೂ ಗಂಟೆಗಳ ಲೆಕ್ಕವೇ ಸರಿ. ಹುಳು ಹಿಡಿಯಬಾರದೆಂದು ಅಮಾವಾಸ್ಯೆ ನೋಡಿ ಕಡಿಸುವ ವಾಡಿಕೆ ಹಲವೆಡೆ ಇದೆ. ತಿಥಿ ಯಾವುದಾದರೂ ಕೊಯ್ದ ಮುಖ ಬಿಸಿಲಿಗೆ ಒಂದೇ ರೀತಿ ಆರುತ್ತದೆ.

ಬಿರುಕು ಕಣ್ಣಿಗೆ ಬಿದ್ದ ಮೇಲೆ ಅದರ ಮೇಲೆಯೇ ಬಳಿದರೆ ಹೆಚ್ಚಿನ ಪ್ರಯೋಜನವಿಲ್ಲ. ಸೀಳಿನ ಒಳಮೈಯಿಂದ ನೀರು ಆರುತ್ತಲೇ ಇರುತ್ತದೆ, ಬಿರುಕು ಮುಂದೆ ಸಾಗುತ್ತದೆ. ತಡವಾಗಿದ್ದರೆ ತುದಿಯಿಂದ ಒಂದೆರಡು ಅಂಗುಲದ ಬಿಲ್ಲೆ ತೆಗೆದು, ಹೊಸ ಮುಖಕ್ಕೆ ಆಗಲೇ ಲೇಪ ಕೊಡಬೇಕು. ಬಿರುಕು ಪೂರ್ತಿ ಹೋಯಿತೇ ಎಂದು ತಿಳಿಯಲು ಮತ್ತೊಂದು ತೆಳು ಬಿಲ್ಲೆ ಕೊಯ್ದು ಕೈಯಲ್ಲಿ ಬಗ್ಗಿಸಿ ನೋಡಬಹುದು. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕಿದ್ದರೂ ಬಿಲ್ಲೆ ಆ ಗೆರೆಯಲ್ಲಿಯೇ ಪಟ್ಟನೆ ಮುರಿಯುತ್ತದೆ.

ಏನನ್ನು ಬಳಿಯಬೇಕು?

ಹಳ್ಳಿಗಳಲ್ಲಿ ಸಗಣಿ ಮತ್ತು ಕೆಮ್ಮಣ್ಣು ಕಲಸಿ ಮೆತ್ತುವುದುಂಟು. ಇದನ್ನು ಹೀಗಳೆಯಬೇಕಾಗಿಲ್ಲ. ಒದ್ದೆಯಾಗಿರುವಷ್ಟು ಕಾಲ ಅದು ತುದಿಯನ್ನು ಕಾಯುತ್ತದೆ. ಆದರೆ ಒಣಗಿದ ಮೇಲೆ ಮೆತ್ತಿದ್ದೇ ಬಿರಿದು ಉದುರುತ್ತದೆ, ದಿನವೂ ನೀರು ಚಿಮುಕಿಸುತ್ತಿದ್ದರೆ ಬೂಸ್ಟು ಬರುವ ಸಂಭವವಿದೆ. ಎರಡು ಮೂರು ದಿನಗಳ ಮಟ್ಟಿಗೆ, ಬೇರೇನೂ ಕೈಗೆ ಸಿಗದಾಗ, ಇದು ಅಥವಾ ನೆನೆಸಿದ ಗೋಣಿಚೀಲ ಸಾಕು. ಸುಣ್ಣದ ನೀರಿನಿಂದ ಮಾತ್ರ ಉಪಯೋಗ ಅತ್ಯಲ್ಪ; ಅದರ ಪದರದಲ್ಲಿ ಆವಿ ಸಲೀಸಾಗಿ ಹಾಯುತ್ತದೆ. ಟ್ರ್ಯಾಕ್ಟರಿನ ಹಳೆಯ ಎಣ್ಣೆ ಬಳಿಯುವ ಅಭ್ಯಾಸವನ್ನು ಬಿಡುವುದೇ ಲೇಸು. ಅದು ಪೊರೆ ಕಟ್ಟದೆ ಮರದೊಳಗೆ ಇಳಿಯುತ್ತದೆ, ಮುಂದೆ ಬಡಗಿಯ ಅಂಟಿಗೂ ಪಾಲಿಶಿಗೂ ತೊಡಕಾಗುತ್ತದೆ.

ಛಾವಣಿಯ ಸೋರಿಕೆ ತಡೆಯಲು ಬಳಸುವ ಕಪ್ಪು ಬಿಟುಮೆನ್ ಬಣ್ಣ ಹಾರ್ಡ್‌ವೇರ್ ಅಂಗಡಿಗಳಲ್ಲಿ ದೊರೆಯುತ್ತದೆ. ಸಾಧಾರಣ ದಿಮ್ಮಿಗಳಿಗೆ ಇದೇ ಅಗ್ಗದ ಮತ್ತು ಭರವಸೆಯ ಲೇಪ. ಮೇಣವನ್ನು ನೀರಿನಲ್ಲಿ ಹಾಲಿನಂತೆ ಬೆರೆಸಿದ ಲೇಪ ಸಿಕ್ಕರೆ ಇನ್ನೂ ಅನುಕೂಲ: ಹಸಿ ಮುಖಕ್ಕೂ ಅದು ಹಿಡಿಯುತ್ತದೆ, ಒಣಗಿದ ಮೇಲೆ ಮರದ ಬಣ್ಣ ಮರೆಯಾಗುವುದಿಲ್ಲ, ಕೊಳ್ಳುವವನು ಚೇಗು ಎಷ್ಟಿದೆಯೆಂದು ನೋಡಬಹುದು. ಆದರೆ ಆರುವ ಮೊದಲು ಮಳೆ ಬಂದರೆ ತೊಳೆದು ಹೋಗುತ್ತದೆ. ಮನೆಯಲ್ಲಿ ಉಳಿದ ಎಣ್ಣೆ ಬಣ್ಣ ಒದ್ದೆ ಮುಖಕ್ಕೆ ಚೆನ್ನಾಗಿ ಹಿಡಿಯದೆ ಸಿಪ್ಪೆಯೇಳುತ್ತದೆ; ಬಳಸಲೇಬೇಕಾದರೆ ಒರೆಸಿ, ಮೇಲ್ಮೈ ಆರಿದೊಡನೆ, ಗಟ್ಟಿಯಾಗಿ ಎರಡು ಮೂರು ಸಲ ಬಳಿಯಬೇಕು.

ಕಡೆಯುವ ಕೆಲಸಕ್ಕೆ, ಕೆತ್ತನೆಗೆ ಇಟ್ಟ ಸಣ್ಣ ತುಂಡುಗಳಿಗೆ ಕರಗಿಸಿದ ಪ್ಯಾರಾಫಿನ್ ಮೇಣ ಉತ್ತಮ. ತುದಿಯನ್ನು ಅದರಲ್ಲಿ ಅದ್ದಿ ತೆಗೆದರಾಯಿತು. ಮೇಣದ ಪಾತ್ರೆಯನ್ನು ಎಂದೂ ನೇರ ಉರಿಯ ಮೇಲಿಡಬಾರದು, ಬೆಂಕಿ ಹತ್ತಿಕೊಳ್ಳುತ್ತದೆ. ಕುದಿಯುವ ನೀರಿನ ದೊಡ್ಡ ಪಾತ್ರೆಯಲ್ಲಿ ಮೇಣದ ಪಾತ್ರೆಯನ್ನಿಟ್ಟು ಕರಗಿಸಬೇಕು.

ಬಳಿಯುವಾಗ ಮುಖದ ಮೇಲಿನ ಗರಗಸದ ಹೊಟ್ಟು, ಮಣ್ಣನ್ನು ಒರೆಸಿ, ಮರದ ಮೈ ಎಲ್ಲಿಯೂ ಕಾಣದಂತೆ ದಪ್ಪವಾಗಿ ಹಚ್ಚಿ, ಮೊದಲ ಕೈ ಆರಿದ ಮೇಲೆ ಇನ್ನೊಂದು ಕೈ ಕೊಡಬೇಕು. ಅಂಚಿನಲ್ಲಿ ನಿಲ್ಲಿಸದೆ ತೊಗಟೆಯ ಮೇಲೆ ಎರಡು ಅಂಗುಲ ಸುತ್ತಲೂ ಬರಲಿ. ಕೊಂಬೆ ಕತ್ತರಿಸಿದ ಗಾಯ, ಎಳೆಯುವಾಗ ತೊಗಟೆ ಕಿತ್ತುಹೋದ ಜಾಗಗಳನ್ನು ಮರೆಯಬಾರದು. ಮೇಲೆ ಹೇಳಿದ 48 ಅಂಗುಲದ ದಿಮ್ಮಿಗೆ ಅಂಚೂ ಸೇರಿ ಎರಡು ತುದಿಗಳಲ್ಲಿ ಬಳಿಯಬೇಕಾದ ಜಾಗ ಸುಮಾರು 4 ಚದರ ಅಡಿ ಮಾತ್ರ. ಒಂದು ಘನ ಅಡಿ ತೇಗದ ಬೆಲೆಯ ಪಕ್ಕದಲ್ಲಿ ಈ ಖರ್ಚನ್ನು ಇಟ್ಟು ನೋಡಬಹುದು.

ಎಲ್ಲ ಮರಗಳೂ ಒಂದೇ ಅಲ್ಲ

ಮರ ಹದಗೊಳಿಸುವ ಬಗೆಗಿನ ಭಾರತೀಯ ಮಾನಕ 1141, ಒಣಗುವಾಗ ತೋರುವ ಹಟಮಾರಿತನದ ಮೇಲೆ ನಮ್ಮ ಮರಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದೆ. ಮತ್ತಿಯಂಥ ಗಟ್ಟಿಮರ ಹೆಚ್ಚು ಸೀಳುವ ಗುಂಪಿನದು. ಅದಕ್ಕೆ ಲೇಪ ಬಿಡುವಂತೆಯೇ ಇಲ್ಲ. ತೇಗ ಮಧ್ಯಮ. ಬೂರುಗದಂಥ ಮೆತ್ತನೆಯ ಮರಗಳಲ್ಲಿ ಬಿರುಕಿನ ಭಯ ಕಡಿಮೆ, ಬೂಸ್ಟಿನ ಭಯ ಹೆಚ್ಚು. ರಬ್ಬರ್ ಮರದಲ್ಲಿಯೂ ತುದಿ ಮುಚ್ಚಿ ತಿಂಗಳುಗಟ್ಟಲೆ ಇಡುವುದರಿಂದ ಪ್ರಯೋಜನವಿಲ್ಲ. ಕಡಿದ ಒಂದೆರಡು ದಿನಗಳಲ್ಲಿಯೇ ಕೊಯ್ದು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಉಣಿಸದಿದ್ದರೆ ಅದು ಕಪ್ಪಾಗುತ್ತದೆ, ಹುಳು ಹಿಡಿಯುತ್ತದೆ. ಪ್ಲೈವುಡ್ಡಿಗೆ ಹೋಗುವ ಹೆಬ್ಬೇವನ್ನು ಹಸಿಯಾಗಿಯೇ ಸುಲಿಯಬೇಕಾದ್ದರಿಂದ, ಲಾರಿ ತಡವಾಗುವಂತಿದ್ದರೆ ಲೇಪ ಉಪಯುಕ್ತ.

ನೀಲಗಿರಿಯ ವಿಷಯವೇ ಬೇರೆ. ಬೆಳೆಯುವಾಗಲೇ ಅದರ ಕಾಂಡದಲ್ಲಿ ಬಿಗಿತ ಸೇರಿಕೊಂಡಿರುತ್ತದೆ. ಕೊಯ್ದ ಕೆಲವೇ ನಿಮಿಷಗಳಲ್ಲಿ ಸದ್ದು ಮಾಡಿ ಸೀಳುವ ದಿಮ್ಮಿಯನ್ನು ಯಾವ ಬಣ್ಣವೂ ಹಿಡಿದಿಡಲಾರದು. ತುದಿಗೆ ಎಸ್ ಆಕಾರದ ಕಬ್ಬಿಣದ ಪಟ್ಟಿ ಬಡಿಯುವುದು, ದಿಮ್ಮಿಯನ್ನು ಆದಷ್ಟು ಉದ್ದವಾಗಿಯೇ ಇಟ್ಟು ಬೇಗ ಕೊಯ್ಸುವುದು ಇದಕ್ಕಿರುವ ದಾರಿ. ಉದ್ದವಾಗಿ ಇಡುವ ಮಾತು ಬೇರೆ ಮರಗಳಿಗೂ ಸಲ್ಲುತ್ತದೆ. 20 ಅಡಿಯ ಒಂದು ದಿಮ್ಮಿಗೆ ತುದಿ ಎರಡು. ಅದನ್ನೇ ಹತ್ತಡಿಯ ಎರಡು ತುಂಡು ಮಾಡಿದರೆ ನಾಲ್ಕು. ಕತ್ತರಿಸಲೇಬೇಕಾದಾಗ ಬೇಕಾದ ಅಳತೆಗಿಂತ ನಾಲ್ಕಾರು ಅಂಗುಲ ಹೆಚ್ಚು ಬಿಡುವುದು ಕ್ಷೇಮ.

ಕಾಯುವ ದಿನಗಳಲ್ಲಿ

ಅಪ್ಪಣೆ ಬೇಕಾದ ಜಾತಿಯ ಮರವನ್ನು ಅರಣ್ಯ ಇಲಾಖೆಯ ಅನುಮತಿ ಪಡೆದೇ ಕಡಿದರೂ, ಸಾಗಣೆಯ ರಹದಾರಿ ಕೈಸೇರುವವರೆಗೆ ದಿಮ್ಮಿಗಳು ತೋಟದಲ್ಲಿಯೇ ಬಿದ್ದಿರಬೇಕಾಗುತ್ತದೆ. ಮರ ಹಾಳಾಗುವುದು ಹೆಚ್ಚಾಗಿ ಈ ದಿನಗಳಲ್ಲಿಯೇ. ಲೇಪ ಕೊಟ್ಟ ದಿಮ್ಮಿಗಳನ್ನು ನೆಲಕ್ಕೆ ತಾಗದಂತೆ ಅಡ್ಡಮರಗಳ ಮೇಲೆ, ನೆರಳಿನಲ್ಲಿ, ತುದಿ ಗಾಳಿಗೆ ಎದುರಾಗದಂತೆ ಇಡಬೇಕು. ಬೇಗ ಕೊಯ್ಸುವಂತಿದ್ದರೆ ತೊಗಟೆ ಇರಲಿ, ಅದೇ ಪಕ್ಕದ ಮೈಗೆ ಹೊದಿಕೆ. ವಾರಗಳು ಕಳೆಯುವಂತಿದ್ದರೆ ತೊಗಟೆಯಡಿ ದುಂಬಿ ಮೊಟ್ಟೆಯಿಡುವುದರಿಂದ ಸುಲಿಯುವುದೇ ಸರಿ. ಆಗ ನೆರಳು ಇನ್ನೂ ಅಗತ್ಯ.

ಮಾತಿಗಿಂತ ಪ್ರಾತ್ಯಕ್ಷಿಕೆ ಬೇಗ ಮನಮುಟ್ಟುತ್ತದೆ. ಗ್ರಾಮ ಮಟ್ಟದ ವಿಸ್ತರಣಾ ಕಾರ್ಯಕರ್ತರು ಊರಿನಲ್ಲಿ ಯಾರಾದರೂ ಮರ ಕಡಿಸಿದಾಗ, ಮೂರು ನಾಲ್ಕು ಅಡಿಯ ಒಂದು ತುಂಡಿನ ಒಂದು ತುದಿಗೆ ಮಾತ್ರ ಲೇಪ ಕೊಟ್ಟು, ಇನ್ನೊಂದನ್ನು ಬರಿದಾಗಿ ಬಿಟ್ಟು, ಮೂರು ವಾರಗಳ ನಂತರ ರೈತರನ್ನು ಕರೆದು ಎರಡೂ ತುದಿಗಳನ್ನು ತೋರಿಸಬಹುದು. ಬಿರುಕಿನೊಳಗೆ ತೆಳು ತಂತಿ ಇಳಿಸಿ ಎಷ್ಟು ಅಂಗುಲ ಹೋಯಿತೆಂದು ಎಲ್ಲರೆದುರು ಅಳೆಯಬೇಕು.

ಹಲಗೆ ಕೊಯ್ಸಿದ ಮೇಲೂ ತುದಿಯ ಕಾಟ ಮುಗಿಯುವುದಿಲ್ಲ. ದಿಮ್ಮಿಯ ಲೇಪ ಹಲಗೆಗಳ ತುದಿಯಲ್ಲಿ ಉಳಿದಿದ್ದರೆ ಒಣಗುವವರೆಗೂ ಅದನ್ನು ಕೆರೆಯಬಾರದು. ಹೋಗಿದ್ದರೆ ಮತ್ತೆ ಬಳಿಯಬೇಕು. ಅಟ್ಟಿ ಒಟ್ಟುವಾಗ ಹಲಗೆಗಳ ನಡುವಿನ ಅಡ್ಡ ಪಟ್ಟಿಗಳಲ್ಲಿ ಕೊನೆಯವು ತುದಿಗೆ ಸಮನಾಗಿ ಬರಲಿ. ಡಾಂಬರಿಗೆ ಅಂಟಿದ ಮರಳು ಗರಗಸದ ಹಲ್ಲು ಕೆಡಿಸುವುದರಿಂದ ಮಿಲ್ಲಿನವರಿಗೆ ಮುಂಚೆಯೇ ತಿಳಿಸಿ ತುದಿ ಒರೆಸಿ ಕೊಡಬೇಕು. ಕೊನೆಗೆ ಕತ್ತರಿಸಿ ತೆಗೆದ ಕಪ್ಪು ತುಂಡುಗಳು ಒಳ್ಳೆಯ ಸೌದೆಯಂತೆ ಕಂಡರೂ ಅವುಗಳ ಹೊಗೆ ಕೆಟ್ಟದ್ದು. ಅಡುಗೆ ಒಲೆಗೂ ಬೇಡ, ಬಚ್ಚಲೊಲೆಗೂ ಬೇಡ.