ಮನೆಯ ಸಂಗೀತ ಸರ್ವರ್: ಹಣ ಯಾವುದಕ್ಕೆ ಕೊಡಬೇಕು?

ಮನೆಯಲ್ಲಿರುವ ಸಿ.ಡಿ., ಕ್ಯಾಸೆಟ್‌ಗಳ ಹಾಡುಗಳನ್ನೆಲ್ಲ ಒಂದು ಕಂಪ್ಯೂಟರಿಗೆ ತುಂಬಿಸಿ, ವೈ-ಫೈ ಮೂಲಕ ಯಾವ ಕೋಣೆಯಲ್ಲಾದರೂ ಕೇಳುವ ವ್ಯವಸ್ಥೆಗೆ ಸಂಗೀತ ಸರ್ವರ್ ಎನ್ನುತ್ತಾರೆ. ಇದಕ್ಕೆಂದೇ ಲಕ್ಷಾಂತರ ರೂಪಾಯಿಯ ಯಂತ್ರಗಳೂ ಮಾರಾಟಕ್ಕಿವೆ. ಅಷ್ಟು ಹಣ ಬೇಕೇ? ಲೆಕ್ಕ ಹಾಕಿ ನೋಡೋಣ.

ಸಿ.ಡಿ.ಗಾಗಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆಯುತ್ತಾರೆ. ಪ್ರತಿ ಅಳತೆಗೆ 16 ಬಿಟ್. ಎಡ, ಬಲ ಎಂದು ಎರಡು ಚಾನೆಲ್.

44,100 × 16 × 2 = 14,11,200 ಬಿಟ್

ಅಂದರೆ ಸೆಕೆಂಡಿಗೆ ಸುಮಾರು 1.4 ಮೆಗಾಬಿಟ್. ಮನೆಯ ವೈ-ಫೈಗೆ ಇದು ಹೊರೆಯೇ ಅಲ್ಲ. ಹಳೆಯ ಲ್ಯಾಪ್‌ಟಾಪ್ ಅಥವಾ ಅಂಗೈಯಗಲದ ರಾಸ್ಪ್‌ಬೆರಿ ಪೈ ಈ ಕೆಲಸಕ್ಕೆ ಸಾಕು. ಜೆಲ್ಲಿಫಿನ್, ನ್ಯಾವಿಡ್ರೋಮ್‌ನಂತಹ ತಂತ್ರಾಂಶಗಳು ಉಚಿತ.

ಸರ್ವರ್ ಕಳಿಸುವುದು ಬರೀ ಅಂಕೆಗಳನ್ನು. ಒಂದೇ ಫೈಲ್ ಅಗ್ಗದ ಯಂತ್ರದಿಂದ ಬಂದರೂ ದುಬಾರಿ ಯಂತ್ರದಿಂದ ಬಂದರೂ ಅಂಕೆಗಳು ಅವೇ. ಕಿವಿಗೆ ವ್ಯತ್ಯಾಸ ತಿಳಿಯುವುದು ಹೆಚ್ಚಾಗಿ ಸ್ಪೀಕರಿನಲ್ಲಿ. ಆದ್ದರಿಂದ ಮೊದಲ ಖರ್ಚು ಒಳ್ಳೆಯ ಸ್ಪೀಕರಿಗೆ.

ಎರಡನೆಯದು, ಇನ್ನೊಂದು ಹಾರ್ಡ್ ಡಿಸ್ಕ್‌ಗೆ. ಡಿಸ್ಕ್ ಎಂದಾದರೊಂದು ದಿನ ಕೆಡುತ್ತದೆ. ಎರಡು ಡಿಸ್ಕ್‌ಗಳನ್ನು ಒಂದೇ ಯಂತ್ರದೊಳಗೆ ಇಟ್ಟರೂ ಸಾಲದು. ಸಿಡಿಲು ಬಡಿದರೆ ಎರಡೂ ಹೋಗಬಹುದು. ಪ್ರತಿಯನ್ನು ಬೇರೆ ಕಡೆ, ಸಾಧ್ಯವಾದರೆ ಸಂಬಂಧಿಕರ ಮನೆಯಲ್ಲಿ ಇಡಿ. ಅಂಗಡಿಯ ಸಿ.ಡಿ. ಮತ್ತೆ ಸಿಕ್ಕೀತು. ಕ್ಯಾಸೆಟ್ಟಿನಲ್ಲಿರುವ ಅಜ್ಜಿಯ ದನಿ ಯಾವ ಬೆಲೆಗೂ ಸಿಗದು.

ನೀವೇ ಲೆಕ್ಕ ಹಾಕಿ: ಒಂದು ಗಂಟೆಯ ಸಿ.ಡಿ. ಸಂಗೀತಕ್ಕೆ ಎಷ್ಟು ಮೆಗಾಬೈಟ್ ಜಾಗ ಬೇಕು? (8 ಬಿಟ್ = 1 ಬೈಟ್)

ಉತ್ತರ: ಸುಮಾರು 635.